ಅರೇಂಜರೋ ವರ್ಕ್‌ಸ್ಟೇಷನ್ನೋ?

ಮದರಾಸಿನ ಮದುವೆ ಆರತಕ್ಷತೆಗಳಲ್ಲಿ ಕೀಬೋರ್ಡ್ ಬಾರಿಸಿ ಬದುಕೋನ ಮಾನ ಕಳೆಯೋಕೆ ಬೇರೆ ಯಾರೂ ಬೇಕಿಲ್ಲ, ಅವನ ಕೀಬೋರ್ಡೇ ಸಾಕು. ನನ್ನ ಹತ್ತಿರ ಇರೋದು ಅರೇಂಜರ್. ಎಡಗೈಯಲ್ಲಿ ಒಂದು ಕೀ ಒತ್ತಿದರೆ ತಬಲಾ, ಗಿಟಾರು ಎಲ್ಲ ತಾವಾಗೇ ಶುರು. ನನಗೆ ಬೇಕಾಗಿರೋದು ವರ್ಕ್‌ಸ್ಟೇಷನ್. ಅದರಲ್ಲಿ ಒಂದೊಂದು ದನಿಯನ್ನೂ ನಾವೇ ಕಟ್ಟಿ ರೆಕಾರ್ಡ್ ಮಾಡಬೇಕು. ಸ್ವಂತ ಹಾಡು ಮಾಡಬೇಕು ಅನ್ನೋ ಹುಚ್ಚು ನನಗೆ. ಸ್ನೇಹಿತ ತನ್ನ ವರ್ಕ್‌ಸ್ಟೇಷನ್ ಮಾರೋನಿದ್ದ. ನವರಾತ್ರಿ ಮುಗಿಯೋವರೆಗೆ ನೋಡ್ತೀನಿ ಅಂತ ಮನೆಗೆ ತಂದೆ. ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಈ ಟ್ರಿಪ್ಲಿಕೇನ್ ಮನೇಲಿ ಮನುಷ್ಯರಿಗೇ ಜಾಗ ಇಲ್ಲ. ಎರಡರಲ್ಲಿ ಯಾವುದು ಉಪಯೋಗಕ್ಕೆ ಬರುತ್ತೋ ಅದೊಂದೇ ಇರಲಿ."

೧. ಉಳಿದವರೆಲ್ಲಿ?

ತಿರುವೊಟ್ಟಿಯೂರಿನ ಆರತಕ್ಷತೆಗೆ ವರ್ಕ್‌ಸ್ಟೇಷನ್ ಹೊತ್ತುಕೊಂಡು ಹೋದೆ. ಸೊಂಟ ಬಿದ್ದುಹೋಯ್ತು. ಆದರೂ ಕಣ್ಣು ಮುಚ್ಚಿ ಬರೀ ಪಿಯಾನೋ ಒಂದನ್ನೇ ನುಡಿಸಿದೆ, ಎಂಥ ನಾದ ಅಂತೀರಿ! ಕಣ್ಣು ಬಿಟ್ಟರೆ ಮದುವೆ ಹುಡುಗಿಯ ಸೋದರಮಾವ ಎದುರಿಗೇ ನಿಂತಿದ್ದಾರೆ. ಹೋದ ಸಲ ಇವರ ಅಣ್ಣನ ಮನೆ ಮದುವೆಗೆ ಅರೇಂಜರ್ ಬಾರಿಸಿದ್ದೆ. ಮಹಾಶಯರು ವೇದಿಕೆ ಹಿಂದೆಲ್ಲ ಇಣುಕಿ ನೋಡಿ ತಮಿಳಲ್ಲಿ ಕೇಳಿದರು:

"ಏನ್ ತಂಬಿ, ನಿಮ್ಮವರೆಲ್ಲ ಆಗಲೇ ಊಟಕ್ಕೆ ಕೂತುಬಿಟ್ಟರಾ?"

೨. ದೊಡ್ಡವರು ಅಂತ ಮರ್ಯಾದೆ ಬೇಡವಾ?

ಅರೇಂಜರ್ ಏನು ಕಡಿಮೆಯೇ? ಗೊಂಬೆ ಕೂರಿಸಿದ ದಿನ ನಮ್ಮ ಅತ್ತೆ ದೇವರನಾಮ ಹೇಳ್ತೀನಿ ಅಂದರು. ಮದರಾಸಲ್ಲೇ ಹುಟ್ಟಿ ಬೆಳೆದವರು. ನಾನು ಅರೇಂಜರಲ್ಲಿ ತಾಳ ಶುರು ಮಾಡಿದೆ. ಎರಡನೇ ಸಾಲಿಗೇ ಯಾರೋ ಬಂದರು. "ನೀವು ನಿಲ್ಲಿಸಬೇಡಿ, ಬಂದೆ" ಅಂತ ನನಗೆ ಅಪ್ಪಣೆ ಕೊಟ್ಟು, ಬಾಗಿಲಿಗೆ ಹೋಗಿ "ವಾಂಗೋ ವಾಂಗೋ" ಅಂದು, ಕುಂಕುಮ ಕೊಟ್ಟು, ಸುಂಡಲ್ ಉಸಲಿ ಕೊಟ್ಟು, ಅವರ ಸೊಸೆಯ ಬಾಣಂತನ ವಿಚಾರಿಸಿಕೊಂಡು ವಾಪಸ್ ಬಂದರು. ಬಂದವರೇ ನಡುವಿಂದ ಹಾಡೋಕೆ ಹೋದರೆ ತಾಳ ಒಂದು ಕಡೆ, ಅತ್ತೆ ಒಂದು ಕಡೆ.

"ಏನ್ ಅಳಿಯಂದಿರೇ, ನನ್ನ ಬಿಟ್ಟು ಹೋಗೇಬಿಡೋದಾ ಇದು?"

೩. ಆಯುಧಪೂಜೆ

ಪೂಜೆ ದಿನ ಅತ್ತೆಯದು ಹೊಸ ಹಟ. "ಸ್ಕೂಟರನ್ನ ಸ್ಟಾರ್ಟ್ ಮಾಡಿ ತಾನೇ ಪೂಜೆ ಮಾಡ್ತೀರಿ? ಇವನ್ನೂ ಆನ್ ಮಾಡಿ. ಉಸಿರಿಲ್ಲದ ಸಾಮಾನಿಗೆ ಎಂಥ ಪೂಜೆ?"

ಎರಡನ್ನೂ ಆನ್ ಮಾಡಿ, ಹೂ ತರೋಕೆ ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಅತ್ತೆ ಅರಿಸಿನ ಹಚ್ಚಿದ ತೆಂಗಿನಕಾಯಿಯನ್ನ ವರ್ಕ್‌ಸ್ಟೇಷನ್ನಿನ ಕೀಗಳ ಮೇಲೆ ಇಟ್ಟರು. ಅದು "ಕೊಂಯ್..." ಅಂತ ಒಂದೇ ಸಮನೆ ನರಳಿತು.

"ಅಯ್ಯೋ ಪಾವಂ, ಇದಕ್ಕೆ ಹೊಟ್ಟೆನೋವು" ಅಂತ ಅದೇ ಕಾಯಿಯನ್ನ ಎತ್ತಿ ಅರೇಂಜರಿನ ಎಡಗಡೆ ಇಟ್ಟರು.

ಢಮಢಮ ತಬಲಾ, ಜೊತೆಗೆ ಗಿಟಾರು, ಮೇಲೆ ಪಿಟೀಲು! ಹದಿನೆಂಟು ವರ್ಷ ಕಲಿತು ನಾನು ಬಾರಿಸೋದಕ್ಕಿಂತ ಚೆನ್ನಾಗಿತ್ತು, ಹಾಳಾದ್ದು. ಮಗಳು ಕಿರುಚಿದಳು: "ಅಪ್ಪಾ, ತೇಂಗಾ ವಾಸಿಕ್ಕುದು!" ಕಾಯಿ ಬಾರಿಸ್ತಿದೆ ಅಂತ! ಅವಳಿಗೆ ಕನ್ನಡ ಅರ್ಥ ಆಗುತ್ತೆ, ಖುಷಿ ಮಾತ್ರ ತಮಿಳಲ್ಲೇ.

ನಾನು ಓಡಿಬಂದು ಬಡಕೊಂಡೆ: "ನೋಡಿದ್ರಾ? ಕಾಯಿ ಬಾರಿಸೋ ವಾದ್ಯ ಅದು! ಕಲಿತವನಿಗೆ ಅದ್ಯಾಕೆ? ಅದಕ್ಕೇ ವರ್ಕ್‌ಸ್ಟೇಷನ್ ಬೇಕು ಅನ್ನೋದು!"

ಹೆಂಡತಿ ಎರಡನ್ನೂ ನೋಡಿದಳು, ನನ್ನನ್ನೂ ನೋಡಿದಳು. ವರ್ಕ್‌ಸ್ಟೇಷನ್ನಿನ ವೈರು ಕಿತ್ತು ಸುತ್ತುತ್ತಾ ಹೇಳಿದಳು:

"ಅರೇಂಜರೇ ಇರಲಿ. ನೀವು ಹುಷಾರಿಲ್ಲದೆ ಮಲಗಿದ ದಿನ ಆರತಕ್ಷತೆಗೆ ಕಾಯಿ ಕಳಿಸಬಹುದು."