ಆರನೇ ಬೇಡಿಕೆ

ಸೊಣ್ಣಮ್ಮ: ಜಗಲಿ ಬಿಟ್ಟು ಏಳು. ರಾಗಿ ಒಣಗಾಕ್ಬೇಕು.

ನಲ್ಲಪ್ಪ: ಇದು ಜಗಲಿ ಅಲ್ಲ ಕಣೇ, ಧರಣಿ ಜಾಗ.

ಸೊಣ್ಣಮ್ಮ: ಧರಣಿ ಮಾಡೋನು ಚಾಪೆ ತರ್ಬೇಕು. ನೀನು ಕೂತಿರೋ ಚಾಪೆ ನಮ್ಮಪ್ಪಂದು.

ಪೀಣ್ಯದ ಬೋಲ್ಟು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಸಂಘದ ಕಾರ್ಯದರ್ಶಿಯಾಗಿ ಸವೆದ ನಲ್ಲಪ್ಪನಿಗೆ ಏನನ್ನೂ ಬಾಯಲ್ಲಿ ಕೇಳಿ ಅಭ್ಯಾಸವಿರಲಿಲ್ಲ. ಬರೆದು, ಎರಡು ಪ್ರತಿ ತೆಗೆದು ಕೇಳಬೇಕು. ತೊಂಬತ್ನಾಲ್ಕರ ಜನವರಿಯಲ್ಲಿ ಹನ್ನೊಂದು ದಿನ ಮುಷ್ಕರದ ಶಾಮಿಯಾನದಲ್ಲಿ ಬಿದ್ದಿದ್ದು ಮನೆಗೆ ಬಂದವನು, ಹೆಂಡತಿ ಸೊಣ್ಣಮ್ಮನ ಮುಖ ಕೂಡ ನೋಡದೆ, ಸಾರಿಗೆ ಹುಣಸೆ ಜಾಸ್ತಿ ಅಂದ. ಬೆಳಗಾಗುತ್ತಲೇ ಅವಳು ಮಾಕಳಿಯ ತವರು ಸೇರಿದಳು. ಎಂಟು ದಿನ ತಡೆದು, ಅವಳನ್ನು ಕರೆದೊಯ್ಯಲು ಇವನು ಬಂದಿದ್ದ, ಬೇಡಿಕೆ ಪಟ್ಟಿಯ ಸಮೇತ. ಮಾವ ವೆಂಕಟಪ್ಪ ಅವರೆಕಾಯಿ ಸುಲಿಯುತ್ತಾ ಕೂತಿದ್ದ.

ವೆಂಕಟಪ್ಪ: ಓದಪ್ಪ ಅಳಿಮಯ್ಯ. ನನ್ನೇ ಲೇಬರ್ ಆಫೀಸರು ಅನ್ಕೊ.

ನಲ್ಲಪ್ಪ: ಒಂದು. ಸಾರಿಗೆ ಹುಣಸೆ ಕಮ್ಮಿ ಹಾಕತಕ್ಕದ್ದು.

ಸೊಣ್ಣಮ್ಮ: ಆಯ್ತು.

ನಲ್ಲಪ್ಪ: ಎರಡು. ಸಂಘದೋರು ಬಂದಾಗ ಟೀ ಲೋಟ ಕುಕ್ಕಬಾರದು.

ಸೊಣ್ಣಮ್ಮ: ಕುಕ್ಕಲ್ಲ.

ನಲ್ಲಪ್ಪ: ಮೂರು. ಕರಪತ್ರಗಳಿಂದ ಒಲೆ ಹಚ್ಚಕೂಡದು.

ಸೊಣ್ಣಮ್ಮ: ಹಳೇವು?

ನಲ್ಲಪ್ಪ: ಹಳೇವೂನೂವೆ.

ಸೊಣ್ಣಮ್ಮ: ಒಪ್ಪಿದೆ.

ಯಾವ ಆಡಳಿತ ವರ್ಗವೂ ಇಷ್ಟು ಸಲೀಸಾಗಿ ಬಗ್ಗಿದ್ದನ್ನು ನಲ್ಲಪ್ಪ ಕಂಡಿರಲಿಲ್ಲ. ಅವಳು ಆಗಲ್ಲ ಅನ್ನಬೇಕು, ಜಗಳ ಹತ್ತಬೇಕು, ಆ ಬಿಸಿಯಲ್ಲೇ ತಾನು ‘ನಡಿ ಮನೆಗೆ’ ಅಂದುಬಿಡಬೇಕು ಎಂಬುದು ಅವನ ಲೆಕ್ಕ. ನಾಲ್ಕು, ಐದನ್ನೂ ಅವಳು ಒಪ್ಪಿ, ಪೆನ್ನು ಕಿತ್ತುಕೊಂಡು ರುಜು ಹಾಕಿದಳು.

ಸೊಣ್ಣಮ್ಮ: ಗೆದ್ದೆ. ಎದ್ದೇಳು, ತುಮಕೂರು ರಸ್ತೇಲಿ ಬಸ್ಸು ಸಿಕ್ತದೆ.

ನಲ್ಲಪ್ಪ: ನೀನು?

ಸೊಣ್ಣಮ್ಮ: ನಾನಿಲ್ಲೇ.

ನಲ್ಲಪ್ಪ: ಇಲ್ಲಿದ್ದು ಅಲ್ಲಿ ಸಾರಿಗೆ ಹುಣಸೆ ಎಂಗೆ ಕಮ್ಮಿ ಹಾಕ್ತೀಯ?

ಸೊಣ್ಣಮ್ಮ: ಸಾರೇ ಇಲ್ಲ, ಹುಣಸೆ ಎಲ್ಲಿಂದ ಬಂತು? ಲೋಟ ಕುಕ್ಕೋರಿಲ್ಲ, ಒಲೆ ಹಚ್ಚೋರಿಲ್ಲ. ನಿನ್ನ ಬೇಡಿಕೆಯೆಲ್ಲಾ ನಾನಿಲ್ಲಿದ್ರೇನೇ ಚೆಂದಾಗಿ ಈಡೇರ್ತವೆ.

ನಲ್ಲಪ್ಪ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದ.

ನಲ್ಲಪ್ಪ: ಆರನೇದೊಂದು ಬರೆಯೋದು ಬಿಟ್ಟೋಯ್ತು ಮಾವ.

ವೆಂಕಟಪ್ಪ: ರುಜು ಆದ್ಮ್ಯಾಕೆ ಮೂರು ವರ್ಸ ಹೊಸ ಬೇಡಿಕೆ ಇಡಂಗಿಲ್ಲ ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು?

ಸೊಣ್ಣಮ್ಮ: ಬರೆಯಂಗಿಲ್ಲ ತಾನೆ. ಬಾಯಿಗೇನಾಗೈತೆ?

ಎದುರು ಮನೆಯ ಇಬ್ಬರು ಹೆಂಗಸರು ನಲ್ಲಿ ಕೆಳಗಿನ ಬಿಂದಿಗೆ ತುಂಬಿ ಹರಿದರೂ ಇತ್ತಲೇ ನೋಡುತ್ತಿದ್ದರು. ಸಾವಿರ ಜನರಿಂದ ಘೋಷಣೆ ಕೂಗಿಸಿದವನು ದನಿ ತಗ್ಗಿಸಿದ.

ನಲ್ಲಪ್ಪ: ಮನೆ ಬಣಬಣ ಅಂತದೆ.

ಸೊಣ್ಣಮ್ಮ: ಮನೆ ಕರೀತಾ ಐತಾ, ನೀನು ಕರೀತಾ ಇದ್ದೀಯಾ?

ನಲ್ಲಪ್ಪ: ನಾನೇ. ಬಾರೇ.

ಸೊಣ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ನೆಗಡಿಯೇನೂ ಇರಲಿಲ್ಲ.

ಸೊಣ್ಣಮ್ಮ: ಬಂದ ತಕ್ಷಣ ಇಂಗಂದಿದ್ರೆ ಇಷ್ಟೊತ್ಗೆ ಮನೇಲಿರ್ತಿದ್ವಿ. ಸಂಜೆ ಬಸ್ಸಿಗೆ ಹೋಗಾನ. ಅಲ್ಲಿಗಂಟ ಕಾಯಿ ಸುಲಿ.

ಅವಳು ಒಳಗೆ ಹೋದಳು. ನಲ್ಲಪ್ಪ ಅವರೆಕಾಯಿ ಮಂಕರಿಯ ಹತ್ತಿರ ಸರಿದ.

ನಲ್ಲಪ್ಪ: ಇಷ್ಟೂ ಸುಲೀಬೇಕಾ ಮಾವ?

ವೆಂಕಟಪ್ಪ (ಒಳಗೆ ಕಣ್ಣು ಹಾಯಿಸಿ, ಮೆಲ್ಲಗೆ): ಕಾಯಿ ಬಿಡು, ಹಾಳಾಗೋಗ್ಲಿ. ಅವಳು ಬಂದಾಗ್ನಿಂದ ನಂಗೆ ಬೀಡಿ ಇಲ್ಲ, ದಿನಾ ಸ್ನಾನ ಬೇರೆ. ಸಂಜೆ ಬಸ್ಸು ಮಾತ್ರ ತಪ್ಪಿಸ್ಬ್ಯಾಡ ಕಣಪ್ಪ.