ಅಳಾಕ ಒಂದು ಕೊರಳು

ಸ್ವಲ್ಪ ಹತ್ರ ಬರ್ರಿ, ಬಾಗಲಾ ಮುಂದ ಮಾಡ್ರಿ. ಈ ಮಾತು ಶಿಗ್ಗಾಂವಿಯ ನಮ್ಮ ಓಣಿ ದಾಟಬಾರ್ದು, ನಿಮ್ಮ ಮಕ್ಕಳ ಆಣಿ ಐತಿ. ನಮ್ಮ ಓಣ್ಯಾಗ ನಗೂವಂಥಾದ್ದು ದಿನಾ ಒಂದಿಲ್ಲೊಂದು ಆಗತಿರತೈತಿ, ಆದ್ರ ಹ್ವಾದ ವಾರದ್ದು ಬ್ಯಾರೆ.

ಜಾನಪದ ಓದೋ ಹುಡುಗಿ ಒಬ್ಬಾಕಿ ಹಾಡು ತುಂಬಕೊಳ್ಳೋ ಯಂತ್ರ ಹಿಡಕೊಂಡು ಬಂದ್ಲು. ಹೊರಗಿಂದ ಬಂದು ಇಲ್ಲಿ ನೆಲಿ ನಿಂತವ್ರ ಹಾಡಷ್ಟ ಬೇಕಂತ. ಯಾರ ಮನಿ ಯಾವುದು, ಯಾವ ಅತ್ತಿ-ಸೊಸಿ ಬ್ಯಾರೆ ಒಲಿ ಹೂಡ್ಯಾರ ಅನ್ನೋದು ನನ್ನ ಬಿಟ್ಟು ಯಾರಿಗೆ ಗೊತ್ತು? ಮುಂದ ನಾನು, ಹಿಂದ ಆಕಿ. ನನ್ನ ಹೊಟ್ಟ್ಯಾಗಿಂದು ಬ್ಯಾರೆನ ಇತ್ತು. ಮದುವ್ಯಾಗ ನನ್ನ ಕಳಿಸೋ ಮುಂದ ಅವ್ವ ಹಾಡಿದ ಹೆಣ್ಣು ಒಪ್ಪಿಸೋ ಹಾಡು ಈಗ ನನ್ನ ಬಾಯಾಗಷ್ಟ ಉಳದೈತಿ. ನಾ ಹೋಗೋದ್ರಾಗ ಅದು ಯಂತ್ರದಾಗ ಸೇರಬೇಕು. ಹುಡುಗಿ ಇರೋದು ಎರಡ ದಿನ. ನನಗ ಕುಂತಲ್ಲಿ ಕುಂಡ್ರಾಕ ಆಗಲಿಲ್ಲ.

ದೇವ್ಯಾರನ್ನ ಕರಿಯೋದು

ಮೊದಲ ಮರಾಠಿ ಸೀಮಿಯಿಂದ ಬಂದ, ದೇವಿ ಹಾಡು ಹಾಡೋ ಗೊಂದಲಿಗರ ಮನಿ. ಹುಡುಗಿ ಆ ಮನಿ ಮುದುಕಗ, ಅಜ್ಜಾ, ಒಂದು ತುಣುಕು ಸಾಕು ಅಂದ್ಲು. ಹಾಡೋಕಿಂತ ಮೊದ್ಲು ಊರೂರಿನ ದೇವಿನ್ನ ಹೆಸರು ಹಿಡದು ಕರೀಬೇಕು, ಒಬ್ಬಾಕಿನ್ನ ಬಿಟ್ರೂ ಸಿಟ್ಟಾಗ್ತಾಳ ಅಂದ ಮುದುಕ. ತುಳಜಾಪುರದಿಂದ ಚಾಲೂ ಮಾಡಿದ. ನಡುವ ಒಬ್ಬಾಕಿ ಹೆಸರು ಮರ್ತು ಮತ್ತ ಮೊದಲಿಂದ. ಊಟದ ಹೊತ್ತಿಗೆ ದೇವ್ಯಾರೆಲ್ಲಾ ಬಂದು ಕುಂತ್ರು, ಯಂತ್ರದ ಚಾರ್ಜು ಎದ್ದು ಹೋತು.

ಕೊರಳು ಕೊಟ್ಟೆ

ಮರುದಿನ ನನ್ನ ಮಗ್ಗಲ ಮನಿ ಲಂಬಾಣಿಯಾಕಿ. ತಾಂಡಾದಿಂದ ಬಂದು ಮೂವತ್ತು ವರ್ಷ ಆತು, ನಾನಂತೂ ಇವತ್ತಿಗೂ ಹೊರಗಿನಾಕಿ ಅಂತನ ಕರೀತೇನಿ. ಅವ್ರ ಮದುವ್ಯಾಗ ಮದುಮಗಳು ಒಬ್ಬೊಬ್ಬರ ಕೊರಳಿಗೆ ಬಿದ್ದು ಹಾಡಿ ಅಳಬೇಕು. "ಗಾಳಿ ಅಪ್ಪಿಕೊಂಡು ಅಳಾಕ ಬರೂದಿಲ್ಲ, ಒಂದು ಕೊರಳು ಕೊಡ್ರಿ" ಅಂದ್ಲು. ನನ್ನ ಉಸಿರರೆ ಯಂತ್ರದಾಗ ಬರ್ಲಿ ಅಂತ ನಾನ ಕೊರಳು ಕೊಟ್ಟೆ.

ಆಕಿ ಎಂಥಾ ಅಳು ತಗದ್ಲಂದ್ರ, ಓಣಿ ಮಂದೆಲ್ಲಾ ಕೂಡಿತು. ಯಾರೋ ಪುಣ್ಯಾತ್ಮರು ಹಾನಗಲ್ಲಿನ ನನ್ನ ಮಗಳಿಗೆ, ನಿಮ್ಮವ್ವ ಹೋದ್ಲು ಅಂತ ಸುದ್ದಿ ಮುಟ್ಟಿಸಿಬಿಟ್ರು. ಮಗಳು ಬಸ್ ಹತ್ತಿ, ಗಾಬರ್ಯಾಗ ನನ್ನ ಫೋನಿಗೇ ಹಚ್ಚಿ, ಮಣ್ಣು ಎಷ್ಟೊತ್ತಿಗೆ ಅಂತ ಕೇಳಿದ್ಲು. ನಾನಿನ್ನೂ ಅದೇನಿ ಅಂದೆ.

"ಅದೀಯೇನಬೇ? ಅಪರೂಪಕ್ಕ ಸೀಟು ಸಿಕ್ಕಿತ್ತು" ಅಂದ್ಲು.

ನನ್ನ ಪಾಳಿ

ಸಂಜಿಗೆ ಹುಡುಗಿ ಯಂತ್ರ ಚೀಲದಾಗ ಹಾಕಾಕತ್ಲು. ನನ್ನ ಹಾಡೂ ತುಂಬಕೊ ಅಂದ್ರ, ನೀವು ಈ ಊರವ್ರು ಆಯೀ, ನನಗ ಹೊರಗಿನವ್ರದ ಬೇಕು ಅಂದ್ಲು. ನಾನು ಆಕಿ ಚೀಲ ಹಿಡದು ಜಗ್ಗಿದೆ.

"ಯಾರು ಹೇಳಿದ್ರು? ನಾನು ಹಿರೇಕೆರೂರಾಕಿ. ಮದುವ್ಯಾಗಿ ಚಕ್ಕಡ್ಯಾಗ ಬಂದು ಇಲ್ಲಿ ಇಳದೇನಿ. ನಾನೂ ಹೊರಗಿನಾಕಿನ, ಬರಕೊ."

ಹುಡುಗಿ ಪೆನ್ನು ಹಿಡದು ನನ್ನ ಮಾರಿ ಒಮ್ಮೆ, ಮಗ್ಗಲ ಮನಿಯಾಕಿ ಮಾರಿ ಒಮ್ಮೆ ನೋಡಿದ್ಲು. ಕಟ್ಟಿಮ್ಯಾಲೆ ಅವರಿಕಾಯಿ ಸುಲಿಯಾಕತ್ತಿದ್ದ ಆಕಿ, ಮೊರ ಬದಿಗಿಟ್ಟು ಎದ್ದು ಬಂದು ನನ್ನ ಎದುರಿಗೆ ನಿಂತ್ಲು.

"ಮೂವತ್ತು ವರ್ಷ ನನಗ ಹೊರಗಿನಾಕಿ ಅಂದಿ. ಇವತ್ತ ನಿನ್ನ ಬಾಯಿಲೆ ನೀನೂ ಒಪ್ಪಿದಿ. ತಂಗಿ, ಯಂತ್ರ ಹಚ್ಚು. ಹೂಂ, ಬಾ ಯವ್ವಾ, ಈಗ ಕೊರಳು ನಂದು, ಅಳೋದು ನಿಂದು."