ಹಾನಗಲ್ಲಿಗೂ ಒಂದು ಸ್ಟೇಷನ್ ಬಂತು

ಇನ್ನು ಈ ಜನ್ಮದಲ್ಲಿ ಪೇಟಿಗೆ ಗಾಳಿ ಹಾಕುವುದಿಲ್ಲ ಎಂದು ಕಳೆದ ಶ್ರಾವಣದಲ್ಲಿ ನಾನು ಶಪಥ ಮಾಡಿದೆ. ಸಾಕ್ಷಿಗೆ ಹೆಂಡತಿ ಗುತ್ತೆವ್ವ, ಪಕ್ಕದ ಮನೆಯ ರೋಶನಬಿ ಮತ್ತು ಅವರ ಒಂದು ಎಮ್ಮೆ ಇದ್ದರು. ತಲೆ ಆಡಿಸಿದ್ದು ಎಮ್ಮೆ ಮಾತ್ರ.

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತೇವೆ. ನಲವತ್ತು ವರ್ಷ ಬಲಗೈಯಿಂದ ಬಾರಿಸುತ್ತ ಎಡಗೈಯಿಂದ ಗಾಳಿ ಹಾಕಿದ್ದೇನೆ. ಅಷ್ಟೂ ಗಾಳಿಯನ್ನು ಒಂದೆಡೆ ಕೂಡಿಸಿಟ್ಟಿದ್ದರೆ ಗದಗಿನ ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಎರಡು ವರ್ಷ ಪುಕ್ಕಟೆ ತಿರುಗುತ್ತಿದ್ದವು. ಅಂಥ ಪೇಟಿಯನ್ನು ಶಿಗ್ಗಾವಿಯ ಒಂದು ಮದುವೆಯಲ್ಲಿ ಯಾರೂ ಕೇಳಲಿಲ್ಲ. ಯಾಕೆಂದರೆ ಸವಣೂರಿನ ಮುಜಮ್ಮಿಲ ಅಲ್ಲಿಗೆ ಬಂದಿದ್ದ. ಮದುವೆಗಳಿಗೆ ವಾದ್ಯಮೇಳ ಒಯ್ಯುವುದು ಅವನ ಕಸುಬು. ಹಲಗೆಯಂಥದ್ದೊಂದು ಯಂತ್ರ ಮುಂದಿಟ್ಟುಕೊಂಡು ಶಹನಾಯಿ, ತಬಲಾ, ಪಿಟೀಲು ಎಲ್ಲವನ್ನೂ ಒಬ್ಬನೇ ನುಡಿಸಿದ. ಊಟಕ್ಕೆ ಕುಳಿತಾಗ ಬೀಗರ ಪೈಕಿ ಒಬ್ಬರು ನನ್ನನ್ನೇ ಕೇಳಿದರು, "ಪೇಟಿ ಬಾರಸಾವ್ರು ಬಂದಿಲ್ಲೇನ್ರಿ?"

ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟೆ. ಮೂವತ್ತೆರಡು ವರ್ಷ ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನ ಸಿಟ್ಟು ಅದು. ನಾನು ಸೀಟಿ ಊದಿದರೆ ಬಸ್ಸಿರಲಿ, ಬಸ್ಸಿನ ಮೇಲೆ ಕುಳಿತ ಕಾಗೆಯೂ ಟೈಮಿಗೆ ಸರಿಯಾಗಿ ಹೊರಡುತ್ತಿತ್ತು. ಅಂಥವನಿಗೆ ಒಂದು ಹಲಗೆ ಹೆಚ್ಚೇ? ಹುಬ್ಬಳ್ಳಿಗೆ ಹೋಗಿ ಮುಜಮ್ಮಿಲನದಕ್ಕಿಂತ ಒಂದು ಗೇಣು ಉದ್ದದ್ದನ್ನೇ ಕೊಂಡುಬಂದೆ.

"ಏನಿದು?" ಎಂದಳು ಗುತ್ತೆವ್ವ.

"ಮ್ಯೂಸಿಕ್ ವರ್ಕ್‌ಸ್ಟೇಷನ್."

"ನಾ ಲಗ್ನಾಗಿ ಬಂದಾಗಿಂದ ಹಾನಗಲ್ಲಿಗೆ ಸ್ಟೇಷನ್ ಬರ್ತೈತಿ, ರೈಲು ಬರ್ತೈತಿ ಅಂತ ಕೇಳಾಕತ್ತೇನಿ. ಇದ ಏನು ಆ ಸ್ಟೇಷನ್ನು?"

"ಇದರಾಗ ಸಾವಿರ ವಾದ್ಯ ಅದಾವು."

"ಕುಂದ್ರಾಕ ಜಾಗಾ ಎಲ್ಲೈತಿ ಅವಕ್ಕ? ಇರೂದು ಎರಡು ಖೋಲಿ."

ಜಾಗ ಮಾಡಿದೆ. ಪೇಟಿಯನ್ನು ಅಟ್ಟಕ್ಕೆ ಏರಿಸಿದೆ. ಆ ಪೇಟಿ ಗುತ್ತೆವ್ವನ ಅಪ್ಪ ಮದುವೆಯಲ್ಲಿ ಕೊಟ್ಟದ್ದು ಎಂಬುದು ಏಣಿಯ ಮೇಲಿದ್ದಾಗ ನೆನಪಾಯಿತು. ಏಣಿ ಹಿಡಿದವಳು ಅವಳೇ ಆದ್ದರಿಂದ ಆ ಮಾತು ಎತ್ತಲಿಲ್ಲ.

ಈಗ ಹೊಸ ಯಂತ್ರದ ಗುಣಗಾನ ಕೇಳಿರಿ. ಅದರ ಮೇಲೆ ಇರುವಷ್ಟು ಗುಂಡಿಗಳು ನಾಲ್ಕು ತಾಲೂಕಿನ ಅಂಗಿಗಳನ್ನೆಲ್ಲ ಕಳಚಿ ಎಣಿಸಿದರೂ ಸಿಗುವುದಿಲ್ಲ. ಜೊತೆಗೆ ಬಂದ ಪುಸ್ತಕ ಹನ್ನೆರಡು ಭಾಷೆಗಳಲ್ಲಿತ್ತು. ಹದಿಮೂರನೆಯದು ಕನ್ನಡ ಎಂದು ಕಾಣುತ್ತದೆ, ಅದಕ್ಕೆ ಮೊದಲೇ ಕಾಗದ ತೀರಿತ್ತು. ತಂಬೂರಿ ಬೇಕೆಂದು ಒಂದು ಗುಂಡಿ ಒತ್ತಿದೆ. ಹೆಲಿಕಾಪ್ಟರ್ ಹಾರಿತು. ಅಂಗಳದಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದ ರೋಶನಬಿ ಹಣೆಗೆ ಕೈ ಹಚ್ಚಿ ಆಕಾಶ ನೋಡಿದಳು.

"ಫಕ್ಕೀರಪ್ಪಣ್ಣಾ, ಯಾವ ಮಿನಿಸ್ಟರ್ ಬಂದಾರ್ರಿ?"

ಕೊಳಲೆಂದು ಇನ್ನೊಂದನ್ನು ಒತ್ತಿದೆ. ನಾಯಿ ಬೊಗಳಿತು. ಓಣಿಯ ನಾಯಿಗಳೆಲ್ಲ ಒಂದೇ ಶ್ರುತಿಯಲ್ಲಿ ಉತ್ತರ ಕೊಟ್ಟವು. ಬಾಯಿ ಮುಚ್ಚಿಸಲು ಮೂರನೆಯದನ್ನು ಒತ್ತಿದರೆ ಯಂತ್ರ ತಾನೇ ತಾನಾಗಿ ಒಂದು ವಿಲಾಯತಿ ಕುಣಿತದ ಹಾಡು ಶುರುಮಾಡಿತು. ನಾನು ಬೈದೆ. ಅದು ಜೋರು ಮಾಡಿತು. ಡ್ರೈವರ್‌ಗಳನ್ನು ಬೈದ ಅಭ್ಯಾಸದಲ್ಲಿ ಅದರ ಅವ್ವ ಅಪ್ಪನ ತನಕ ಹೋದೆ. ಕೊನೆಗೆ ಗುತ್ತೆವ್ವ ಒಳಗಿನಿಂದ ಬಂದು ಗೋಡೆಯ ಪ್ಲಗ್ ಕಿತ್ತು ಒಳಗೆ ಹೋದಳು. ಆ ಯಂತ್ರದಲ್ಲಿ ಅವಳು ಹೇಳಿದಂತೆ ಕೇಳುವ ಭಾಗ ಒಂದಿತ್ತು ಎನ್ನುವುದೇ ನನಗೆ ಹೆಚ್ಚಿನ ಸಿಟ್ಟು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳುತ್ತಿರಲಿಲ್ಲ. ಎಂಟು ದಿನಕ್ಕೆ ಹಂಸಭಾವಿಯಲ್ಲಿ ವಿದ್ಯಾಶ್ರೀಯ ಕುಬಸ, ಅಂದರೆ ಸೀಮಂತ, ಇತ್ತು. ವಿದ್ಯಾಶ್ರೀ ಗುತ್ತೆವ್ವನ ತಂಗಿಯ ಮಗಳು, ಚೊಚ್ಚಲ ಬಸುರಿ, ಅಲ್ಲಿಯ ಶಾಲೆಯಲ್ಲಿ ಟೀಚರ್. ಗುತ್ತೆವ್ವನ ತವರಿನ ಪೈಕಿ ಯಾವ ಹೆಣ್ಣಿನ ಕುಬಸವೂ ಅವಳ ಹಾಡಿಲ್ಲದೆ ಆಗಿಲ್ಲ. ಹದಿನೆಂಟು ನುಡಿಯ ಹಾಡು, ಅವಳ ಅಜ್ಜಿಯಿಂದ ಬಂದದ್ದು. ಹಾಡು ಮುಗಿಯುವ ತನಕ ಬಸುರಿಗೆ ಹಸಿರು ಬಳೆ ತೊಡಿಸುವುದಿಲ್ಲ. "ದೊಡ್ಡವ್ವ, ನೀ ಹಾಡದಿದ್ರ ನಾ ಬಳಿ ಇಟ್ಟಕೊಳ್ಳೂದಿಲ್ಲ" ಎಂದು ವಿದ್ಯಾಶ್ರೀ ಫೋನಿನಲ್ಲೇ ಹೇಳಿದ್ದಳು.

ಗುತ್ತೆವ್ವನ ಶ್ರುತಿ ಕರಿ ನಾಕು. ಅಂದರೆ ಪೇಟಿಯ ಕರಿ ಮನೆಗಳಲ್ಲಿ ನಾಲ್ಕನೆಯದನ್ನು ಸಾ ಮಾಡಿಕೊಂಡು ಹಾಡುತ್ತಾಳೆ. ನಮ್ಮ ಮದುವೆಯ ತಾರೀಖು ನಾನು ಎರಡು ಸಲ ಮರೆತು ಬೈಸಿಕೊಂಡಿದ್ದೇನೆ. ಕರಿ ನಾಕನ್ನು ಎಂದೂ ಮರೆತಿಲ್ಲ. ಇದನ್ನು ಹೊಸ ಯಂತ್ರಕ್ಕೆ ತಿಳಿಸುವುದು ಹೇಗೆ? ಮುಜಮ್ಮಿಲನಿಗೆ ಫೋನು ಹಚ್ಚಿದೆ. ಅವನು ಎಲ್ಲೋ ಮೆರವಣಿಗೆಯಲ್ಲಿದ್ದ.

"ಶ್ರುತಿ ಬದಲಿ ಮಾಡೂದು ಹ್ಯಾಂಗಪಾ?"

"ಟ್ರಾನ್ಸ್ ಅಂತ ಬಟನ್ ಐತಿ ನೋಡ್ರಿ ಕಾಕಾ. ಅದನ್ನ ಒತ್ತಿ ಎಷ್ಟು ಬೇಕೋ ಅಷ್ಟು ನಂಬರ್ ಇಡ್ರಿ." ಡೊಳ್ಳಿನ ಸದ್ದಿನಲ್ಲಿ ಫೋನು ಕಡಿಯಿತು.

ಟ್ರಾನ್ಸ್! ಟ್ರಾನ್ಸ್‌ಪೋರ್ಟಿನಲ್ಲಿ ಮೂವತ್ತೆರಡು ವರ್ಷ ತೇಯ್ದವನಿಗೆ ಯಂತ್ರವೇ ಕೊಟ್ಟ ಮರ್ಯಾದೆ ಇದು ಎಂದುಕೊಂಡೆ. ಒತ್ತಿದೆ. ಗುತ್ತೆವ್ವನ ನಂಬರು ನಾಕು, ನಾಕು ಇಟ್ಟೆ. ಪರದೆಯ ಮೂಲೆಯಲ್ಲಿ ನಾಲ್ಕರ ಅಂಕಿ ಬೆಳಗಿತು. ಆಮೇಲೆ ರೂಢಿಯಂತೆ ಬೆರಳನ್ನು ಕರಿ ನಾಕರ ಮೇಲೆ ಊರಿ, "ಹಾಡು" ಎಂದೆ.

ಹಾಡಿದಳು. ಮೊದಲ ನುಡಿಗೆ ಹುಬ್ಬು ಗಂಟಾಯಿತು, ಎರಡನೆಯದಕ್ಕೆ ಕತ್ತಿನ ನರ ಉಬ್ಬಿತು. ಮೂರನೆಯ ನುಡಿಯಲ್ಲಿ ಏರುವ ಜಾಗವೊಂದಿದೆ. ಅಲ್ಲಿ ಅವಳ ದನಿ ಒಣ ರೊಟ್ಟಿಯಂತೆ ಚಟ್ಟೆಂದು ಮುರಿಯಿತು. ಗಾಬರಿಯಲ್ಲಿ ಯಂತ್ರ ನಿಲ್ಲಿಸಲು ಕೈಗೆ ಸಿಕ್ಕ ಗುಂಡಿ ಒತ್ತಿದೆ. ಯಂತ್ರದೊಳಗಿನಿಂದ ಸಾವಿರ ಮಂದಿ ಚಪ್ಪಾಳೆ ತಟ್ಟಿದರು.

ಗುತ್ತೆವ್ವ ನನ್ನನ್ನು ನೋಡಿದಳು. ಆ ನೋಟಕ್ಕೆ ಪ್ಲಗ್ ಇರಲಿಲ್ಲ, ಕೀಳಲು.

"ಬೇಕಂತ ಮಾಡಿದ್ರಿ."

"ಇಲ್ಲ ಮಾರಾಯ್ತಿ, ಕೈ ತಪ್ಪಿತು."

"ಶ್ರುತಿ ಸರಿ ಇಲ್ಲ. ಮ್ಯಾಲ ಐತಿ."

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಹೊಸ ಯಂತ್ರದ ಮಾಲೀಕನಿಗೆ ಸುಮ್ಮನಿರಲು ಬರುವುದಿಲ್ಲ. "ಇಲ್ಲಿ ನೋಡು, ನಾಕು ಅಂತ ಬರದೈತಿ. ಯಂತ್ರ ಸುಳ್ಳು ಹೇಳೂದಿಲ್ಲ. ನಿನ್ನ ದನಿಗೆ ವಯಸ್ಸಾಗೇತಿ" ಎಂದುಬಿಟ್ಟೆ.

ಅವಳು ಎದ್ದು ಒಳಗೆ ಹೋಗಿ ತಂಗಿಗೆ ಫೋನು ಮಾಡಿದಳು. "ಈ ಸಲ ನನ್ನ ಹಾಡು ಇಲ್ಲವ್ವ. ಬ್ಯಾರೆ ಯಾರಿಗರ ಹೇಳ್ರಿ." ಅಷ್ಟೇ. ಆಮೇಲೆ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ರೊಟ್ಟಿ ಬಡಿಯುವ ಸದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿತೆಂದು ಹಳೆಯ ಕಂಡಕ್ಟರ್ ಹನುಮಂತಪ್ಪ ಹೇಳಿದ. ನಲವತ್ತು ವರ್ಷ ಬೆಳಗಿನ ಕಸ ಹೊಡೆಯುವಾಗ ಗುನುಗುತ್ತಿದ್ದವಳು ಗುನುಗುವುದನ್ನೂ ಬಿಟ್ಟಳು. ನನಗೂ ಸಿಟ್ಟು. ಖರೆ ಹೇಳಿದ್ದಕ್ಕೆ ಇಷ್ಟು ಸೆಡವೇ? ದಿನಕ್ಕೆ ಎರಡು ಸಲ ಪರದೆ ನೋಡುತ್ತಿದ್ದೆ. ನಾಕು ಇದ್ದದ್ದು ನಾಕೇ ಇತ್ತು.

ಕುಬಸದ ದಿನ ಬಸ್ಸಿಗೆ ಹೊರಟೆವು. ಎಡಹೆಗಲ ಮೇಲೆ ವರ್ಕ್‌ಸ್ಟೇಷನ್. ಹಾಡುವವರಿಲ್ಲದಿದ್ದರೂ ನಾನೊಬ್ಬನೇ ಸಾವಿರ ವಾದ್ಯ ಬಾರಿಸಿ ಹಂಸಭಾವಿಯನ್ನೇ ಎತ್ತಿ ಹಿರೇಕೆರೂರಿನ ಮೇಲೆ ಇಡುವವನಿದ್ದೆ. ಬಲಗೈಗೆ ಗುತ್ತೆವ್ವ ಬುತ್ತಿಯ ಚೀಲವೊಂದನ್ನು ಕೊಟ್ಟಳು. ತೋಳು ಕಿತ್ತು ಬರುವಷ್ಟು ಭಾರ.

"ಏನೈತಿ ಇದರಾಗ?"

"ಉಂಡಿ."

"ಸಿಮೆಂಟಿನ ಉಂಡಿ ಏನು?"

"ಸಿಟ್ಟಿನ್ಯಾಗ ಕಟ್ಟೇನಿ. ಗಟ್ಟಿ ಆಗ್ಯಾವು."

ಆರು ದಿನದಲ್ಲಿ ಅವಳು ಆಡಿದ ಅತಿ ಉದ್ದನೆಯ ಮಾತು ಅದು. ಬಸ್ಸಿನಲ್ಲಿ ವರ್ಕ್‌ಸ್ಟೇಷನ್ನಿಗೆ ಸೀಟು ಸಿಕ್ಕಿತು. ನಾನು ಉಂಡಿಯ ಚೀಲ ಎತ್ತಿಕೊಂಡು ನಿಂತೇ ಹೋದೆ.

ಹಂಸಭಾವಿಯ ಮನೆಯ ಪಡಸಾಲೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಹಸಿರು ಸೀರೆಯಲ್ಲಿ ವಿದ್ಯಾಶ್ರೀ, ಮುಂದೆ ಬಳೆಗಾರ್ತಿಯ ಬುಟ್ಟಿ. "ದೊಡ್ಡವ್ವ ಹಾಡಲಿ, ಆಮ್ಯಾಲೆ ಬಳಿ" ಎಂದು ಕೈ ಸೆರಗಿನೊಳಗೆ ಮುಚ್ಚಿಕೊಂಡು ಕುಳಿತಿದ್ದಳು. ಗುತ್ತೆವ್ವ ಗೋಡೆಗೆ ಒರಗಿ, "ನನ್ನ ದನಿಗೆ ವಯಸ್ಸಾಗೇತಂತವ್ವ. ಯಂತ್ರ ಹೇಳೇತಿ" ಎಂದಳು. ಐವತ್ತು ಹೆಂಗಸರು ಒಟ್ಟಿಗೇ ನನ್ನ ಕಡೆ ತಿರುಗಿದರು. ಬಸ್ ತಪ್ಪಿಸಿಕೊಂಡ ಇನ್ನೂರು ಮಂದಿಯನ್ನು ಒಬ್ಬನೇ ಎದುರಿಸಿದವನು ನಾನು. ಅಂದು ಕಣ್ಣು ತಪ್ಪಿಸಿ ವೈರು ಜೋಡಿಸಿದೆ.

ನನ್ನ ಪಕ್ಕಕ್ಕೆ ಒಬ್ಬ ಹುಡುಗಿ ಬಂದು ಕುಳಿತಳು. ವಿದ್ಯಾಶ್ರೀಯ ಜೊತೆ ಶಾಲೆಯಲ್ಲಿ ಕಲಿಸುವ ಅಫ್ಸಾನಾ ಟೀಚರ್, ಮಕ್ಕಳ ಪ್ರಾರ್ಥನೆಗೆ ಕೀಬೋರ್ಡ್ ನುಡಿಸುವವಳು. ನನ್ನ ಪರದೆಯನ್ನು ಬಗ್ಗಿ ನೋಡಿದಳು.

"ಕಾಕಾ, ಟ್ರಾನ್ಸ್‌ದಾಗ ನಾಕು ಯಾಕ ಇಟ್ಟೀರಿ?"

"ಆಕಿ ಶ್ರುತಿ. ಕರಿ ನಾಕು."

"ಮತ್ತ ಬೆರಳು ಎಲ್ಲಿ ಇಡ್ತೀರಿ?"

"ಕರಿ ನಾಕರ ಮ್ಯಾಲ. ಮತ್ತೆಲ್ಲಿ, ನಿನ್ನ ತಲಿ ಮ್ಯಾಲ ಇಡ್ಲೇನು?"

ಅಫ್ಸಾನಾ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ನಗು ತಡೆದು ಹೇಳಿದಳು, "ಅದು ಶ್ರುತಿ ನಂಬರ್ ಅಲ್ಲರಿ. ನಾಕು ಅಂದ್ರ ಇದ್ದಲ್ಲಿಂದ ನಾಕು ಮನಿ ಮ್ಯಾಲ ಏರಸು ಅಂತ. ನೀವು ಒತ್ತೂದು ಕರಿ ನಾಕು, ಅದು ನುಡಿಯೂದು ಮ್ಯಾಲಿನ ಬಿಳಿ ಒಂದು. ಅಷ್ಟು ಎತ್ತರಕ್ಕ ಯಾರ ದನಿ ಹೋಗ್ತೈತ್ರಿ?" ನನ್ನ ಮುಖ ನೋಡಿ ಇನ್ನೂ ಬಿಡಿಸಿ ಹೇಳಿದಳು. "ಹಂಸಭಾವಿ ಬೋರ್ಡ್ ಹಚ್ಚಿ ಬಸ್ಸು ಮಾಸೂರಿಗೆ ಬಿಟ್ಟಂಗ ಆಗೇತಿ, ಕಾಕಾ."

ಮೂವತ್ತೆರಡು ವರ್ಷದ ನೌಕರಿಯಲ್ಲಿ ತಪ್ಪು ಬೋರ್ಡಿನ ಒಂದು ಬಸ್ಸನ್ನೂ ನಾನು ಹೊರಗೆ ಬಿಟ್ಟವನಲ್ಲ. ಸಿಟ್ಟು ಯಾರ ಮೇಲೆ ಮಾಡಬೇಕೆಂದು ಸುತ್ತಲೂ ಹುಡುಕಿದೆ. ಮುಜಮ್ಮಿಲ ಸವಣೂರಿನಲ್ಲಿದ್ದ. ಯಂತ್ರ ಹೇಳಿದಂತೆ ಕೇಳಿತ್ತು. ಉಳಿದವನು ಒಬ್ಬನೇ, ಅವನು ನನ್ನ ಅಂಗಿಯೊಳಗೇ ಇದ್ದ.

ಅಷ್ಟರಲ್ಲಿ ಗುತ್ತೆವ್ವ ಉಂಡಿಯ ಚೀಲದ ಬಾಯಿ ಬಿಚ್ಚಿದಳು. ಮೇಲೊಂದು ಕೌದಿ. ಕೌದಿಯೊಳಗೆ ಅವಳ ಅಪ್ಪನ ಪೇಟಿ.

"ಇದನ್ನ ಯಾವಾಗ ಇಳಿಸಿದಿ?"

"ನೀವು ಹಾಲಿಗೆ ಹ್ವಾದಾಗ. ರೋಶನಬಿ ಏಣಿ ಹಿಡದ್ಲು. ಕರಿ ನಾಕು ಹಿಡದು ಹಾಡಿ ನೋಡಿದೆ. ಹದಿನೆಂಟೂ ನುಡಿ ನೀರು ಹರದಂಗ ಬಂದ್ವು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಏನಂತಿದ್ರಿ? ಯಂತ್ರ ಸುಳ್ಳು ಹೇಳೂದಿಲ್ಲ ಅಂತಿದ್ರಿ. ಅದಕ್ಕ ಯಂತ್ರ ಬಲ್ಲಾಕಿನ್ನ ಕರಸು ಅಂತ ವಿದ್ಯಾಗ ಹೇಳಿದೆ." ಪೇಟಿಯ ಧೂಳನ್ನು ಸೆರಗಿನಿಂದ ಒರೆಸಿದಳು. "ನನ್ನ ದನಿಗೆ ವಯಸ್ಸಾಗಿಲ್ಲ. ನಿಮ್ಮ ಕಿವಿಗೆ ಆಗೇತಿ. ನಲವತ್ತು ವರ್ಷ ನನ್ನ ಹಾಡು ಕೇಳಿದ ಕಿವಿ, ನಾಕು ಮನಿ ಮ್ಯಾಲ ಏರಿದ್ದು ಗೊತ್ತಾಗಲಿಲ್ಲ. ಅಂಕಿ ನೋಡಕೋತ ಕುಂತ್ರಿ."

ನಾನು ಪೇಟಿಯ ಮುಂದೆ ಹೋಗಿ ಕುಳಿತೆ. "ಏಳ್ರಿ" ಎಂದಳು. "ಅಫ್ಸಾನಾ ಬಾರಸ್ತಾಳ."

"ಕಾಕೂ, ನನಗ ಗಾಳಿ ಹಾಕಾಕ ಬರೂದಿಲ್ಲ" ಎಂದಳು ಅಫ್ಸಾನಾ. "ಕೀಬೋರ್ಡ್ ಕಲತಾಕಿ ನಾ. ಎರಡೂ ಕೈ ಮನಿ ಮ್ಯಾಲ ಬೇಕಾಗ್ತಾವು."

"ಗಾಳಿಗೆ ಮಂದಿ ಇದ್ದಾರ" ಎಂದು ಗುತ್ತೆವ್ವ ನನ್ನ ಕಡೆ ನೋಡಿದಳು. "ಆ ಕಡೆ ಕುಂದರ್ರಿ. ಅದಕ್ಕ ಬಟನ್ ಯಾವೂ ಇಲ್ಲ, ಹೆದರಬ್ಯಾಡ್ರಿ."

ಆ ಕಡೆ ಕುಳಿತೆ. ಹಾಕಿದೆ. ಮೂರನೆಯ ನುಡಿಯ ಏರುವ ಜಾಗ ಬಂದಾಗ ನನ್ನ ಕೈ ತಾನೇ ಹಗುರಾಯಿತು. ಅವಳ ದನಿ ಅಲ್ಲಿಗೆ ಹೋಗಿ, ಕುಳಿತು, ಸಾವಕಾಶ ಇಳಿದು ಬಂತು. ವಿದ್ಯಾಶ್ರೀ ಸೆರಗಿನಿಂದ ಒಂದು ಕೈ ಹೊರಗೆ ತೆಗೆದಳು. ಹದಿನೇಳನೆಯ ನುಡಿ ಮುಗಿದಾಗ ಹೆಂಗಸರು ಗುತ್ತೆವ್ವನನ್ನು ತಡೆದು, "ಗಂಡನ ಹೆಸರು ಹೇಳು, ಆಮ್ಯಾಲೆ ಕಡೀ ನುಡಿ" ಎಂದು ಪಟ್ಟು ಹಿಡಿದರು. ಒಡಪು ಕಟ್ಟಿ ಗಂಡನ ಹೆಸರು ಹೇಳುವುದು ಕುಬಸದ ಪದ್ಧತಿ. ನನ್ನ ಹೆಸರು ಗುತ್ತೆವ್ವನ ಬಾಯಲ್ಲಿ ಬರುವುದು ಇಂಥಲ್ಲಿ ಮಾತ್ರ. ಅವಳು ಸೆರಗು ಸರಿಮಾಡಿಕೊಂಡು, ಪೂರ್ತಿ ಪಡಸಾಲೆಗೆ ಕೇಳುವಂತೆ ಹೇಳಿದಳು:

"ರೈಲಿಲ್ಲದ ಹಾನಗಲ್ಲಿಗೆ ಸ್ಟೇಷನ್ ತಂದಾರ ಕೇಳ್ರೆಪ್ಪ,
ಗಾಳಿ ಹಾಕೂದು ಬ್ಯಾಡಂದು ಗಾಳಿ ಹಾಕಾಕತ್ತಾರ ನಮ್ಮ ಫಕ್ಕೀರಪ್ಪ."

ಚಪ್ಪಾಳೆ ಬಿತ್ತು. ಈ ಸಲದ್ದು ಯಂತ್ರದ್ದಲ್ಲ. ಸಿಟ್ಟು ನೆತ್ತಿಗೇರಿ, ಎದ್ದು ನಡೆಯಬೇಕೆಂದು ಕೈ ನಿಲ್ಲಿಸಿದೆ. ಪೇಟಿ ನರಳಿ ದನಿ ಇಳಿಸಿತು.

"ಇನ್ನೂ ಒಂದು ನುಡಿ ಐತ್ರಿ" ಎಂದಳು ಗುತ್ತೆವ್ವ.

ಹಾಕಿದೆ.